ಕಪ್ಪೋ ಕಪ್ಪೆಯೋ

ನಿಂತದ್ದು ನೀರಲ್ಲ,
ಪಂಪು.
ಫೆಬ್ರವರಿಯ ಬಿರುಗಾಳಿಗೆ ಕಂಬಗಳು ಉರುಳಿ
ಒಂಬತ್ತು ದಿನ ಕರೆಂಟಿಲ್ಲದ ರಾಕ್‌ಹ್ಯಾಂಪ್ಟನ್.
ಫ್ರಿಜ್ಜಿನ ಮಾಂಸ ಹೂಳುವುದು, ಸೂರಿಗೆ ಟಾರ್ಪಾಲು ಬಿಗಿಯುವುದು,
ಇವುಗಳ ನಡುವೆ ಹಿತ್ತಿಲ ಈಜುಕೊಳದ ನೆನಪು
ಯಾರಿಗಿತ್ತು?

ನೆನಪಾದಾಗ ಅದು ಕೊಳವಾಗಿ ಉಳಿದಿರಲಿಲ್ಲ.
ಬಿಲಿಯರ್ಡ್ಸ್ ಮೇಜಿಗೆ ಹೊದಿಸಿದಂಥ ಹಸಿರು,
ಅದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ, ಕಾಲು ಮೇಲೆ ಮಾಡಿ,
ಯಾರ ಮನೆಯದೋ.
ಕೈ ಅದ್ದಿದೆ. ಮೊಣಕೈ ತನಕ ಇಳಿಸಿದೆ.
ಬೆರಳು ಕಾಣಲಿಲ್ಲ.

ಬೇಲಿಯಾಚೆ ಮರ್ವ್ ಕೊವಾಲ್ಡ್,
ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರು ತೊಳೆದವನು,
ಕಾಫಿ ಲೋಟ ಕಂಬದ ಮೇಲಿಟ್ಟು ತೀರ್ಪು ಕೊಟ್ಟ:
"ಮೊದಲು ಉಜ್ಜು. ಗೋಡೆ, ಮೆಟ್ಟಿಲು, ಏಣಿಯ ಬೆನ್ನು.
ಕ್ಲೋರಿನ್ ಹೊತ್ತು ಮುಳುಗಿದ ಮೇಲೆ;
ಹಗಲು ಹಾಕಿದರೆ ಬಿಸಿಲೇ ಕುಡಿದುಬಿಡುತ್ತೆ.
ಕೈ ಬಿಗಿ ಮಾಡಬೇಡ. ಅರ್ಧ ಸತ್ತ ಪಾಚಿ
ಹಗೆ ಇಟ್ಟುಕೊಳ್ಳುತ್ತೆ, ನನ್ನ ನಾದಿನಿಯ ಹಾಗೆ."

ಉಜ್ಜಿದೆ.
ಉದ್ದ ಕೋಲಿನ ಬ್ರಷ್ಷು ತಾಗಿದಲ್ಲೆಲ್ಲ
ಹಸಿರು ಹೊಗೆ ಎದ್ದು, ಮಡಿಸಿಕೊಂಡು, ಇಳಿಯಿತು.
ಮಧ್ಯಾಹ್ನಕ್ಕೆ ಅಂಗೈಯಲ್ಲಿ ಎರಡು ಬೊಬ್ಬೆ,
ನೀರು ಇದ್ದ ಹಾಗೇ ಇತ್ತು.

ಸಂಜೆ ಡಬ್ಬಿಯ ಮುಚ್ಚಳ ತಿರುಗಿಸುವ ಹೊತ್ತಿಗೆ
ಮಗಳು ಟ್ಯಾಮ್ಸಿನ್, ಮೆಟ್ಟಿಲ ಬಳಿ ಬೋರಲು ಮಲಗಿದ್ದವಳು,
"ನಿಲ್ಲು" ಎಂದಳು.
"ಇದರಲ್ಲಿ ಜನ ಇದ್ದಾರೆ."

ಗೊದಮೊಟ್ಟೆಗಳು.
ಒಂದು ವಾಕ್ಯವೂ ಇಲ್ಲದೆ
ಬೆಚ್ಚನೆ ಮೂಲೆಯಲ್ಲಿ ಗುಂಪುಗೂಡಿದ ಅಲ್ಪವಿರಾಮಗಳು.
ಎಂಟು ವರ್ಷದವಳಿಗೆ ಹೇಗೆ ಹೇಳುವುದು,
ಕ್ಲೋರಿನ್ನಿಗೆ ಪಾಚಿ ಯಾವುದು ಪ್ರಾಣಿ ಯಾವುದು ತಿಳಿಯದೆಂದು?
ನಾನು ಬಕೆಟ್ ತಂದೆ. ಅವಳು ಟೀ ಸೋಸುವ ಜರಡಿ.

ಮರ್ವ್ ಮತ್ತೆ ಬೇಲಿಗೆ ಬಂದ, ಕನ್ನಡಕ ಏರಿಸಿದ.
"ಹೊಟ್ಟೆ ನೋಡು. ಅದೂ ಇದ್ದಿಲಿನಷ್ಟು ಕಪ್ಪಿದ್ದರೆ ಟೋಡು.
ಕಬ್ಬಿನ ಹುಳ ತಿನ್ನಲೆಂದು ತರಿಸಿದ್ದು,
ಹುಳವೊಂದು ಬಿಟ್ಟು ಮಿಕ್ಕದ್ದೆಲ್ಲ ತಿಂದು ಹಬ್ಬಿದ್ದು.
ಹೊಟ್ಟೆ ಬಿಳಿಚಿದ್ದರೆ ನಮ್ಮ ಕಪ್ಪೆ. ಅದನ್ನು ಉಳಿಸು."

ಜಾಮ್ ಜಾಡಿಯನ್ನು ಟಾರ್ಚಿನ ಬೆಳಕಿಗೆ ಎತ್ತಿ ಹಿಡಿದು
ಹೊಟ್ಟೆಗಳನ್ನು ಓದತೊಡಗಿದೆವು.
ಕಪ್ಪೋ, ಕಪ್ಪೆಯೋ?
ಕಪ್ಪು. ಕಪ್ಪು. ಕಪ್ಪೆ. ಇರಬಹುದೇನೋ. ಕಪ್ಪು.
ಸೊಳ್ಳೆಗಳು ನಮ್ಮ ಕಾಲುಗಳನ್ನು ಓದಿದವು.
ನಲವತ್ತು ದಾಟುವಾಗ ಅವಳ ಸ್ವರ ತೆಳುವಾಗಿತ್ತು:
"ಇದು ಕಪ್ಪು. ಆದರೆ ಚಿಕ್ಕದು."
ಚಿಕ್ಕದಾಗಿರುವುದು ಮೂರನೆಯ ಬಣ್ಣವೆಂಬಂತೆ.

ಹದಿನೇಳು, ಗ್ಯಾರೇಜಿನ ಹಿಂದಿನ ಹಳೆಯ ಬಾತ್‌ಟಬ್ಬಿಗೆ ಹೋದವು.
ಮಿಕ್ಕವನ್ನು ಐಸ್‌ಕ್ರೀಂ ಡಬ್ಬಿಯಲ್ಲಿ ಮುಚ್ಚಿ
ಫ್ರೀಜರಿನಲ್ಲಿಟ್ಟೆ, ಬಟಾಣಿಯ ಹಿಂದೆ.
ಅವಳು ನೋಡಲಿಲ್ಲ.
ನೋಡಿದಳೇನೋ.

ಆಮೇಲೆ ಕ್ಲೋರಿನ್.
ರಾತ್ರಿಯಿಡೀ ಪಂಪು ಗಂಟಲು ಸರಿಮಾಡಿಕೊಂಡಿತು.
ಬೆಳಗಾದರೆ ಹಸಿರು ಸತ್ತು ಬೂದಿ,
ಮರುದಿನ ಅಕ್ಕಿ ತೊಳೆದ ನೀರು.
ಫಿಲ್ಟರಿನ ಮುಳ್ಳು ಏರಿದಾಗಲೆಲ್ಲ
ನೀರನ್ನು ಹಿಂದುಮುಂದಾಗಿ ಹಾಯಿಸಿದೆ,
ಮೋರಿಗೆ ಕಾರಿಕೊಂಡಿತು.
ನಾಲ್ಕನೆಯ ದಿನ ಎರಡು ಮೆಟ್ಟಿಲು ಕಂಡವು. ಸಂಜೆಗೆ ಮೂರು.
ಐದನೆಯ ದಿನ ತಳ:
ಒಂದು ಫೋರ್ಕು, ನಮ್ಮದೇ ಚಾವಣಿಯ ತಿರುಪುಮೊಳೆಗಳು,
ನಾಯಿಯ ಕೊರಳಪಟ್ಟಿ,
ಹೆಸರಿಲ್ಲದ್ದು.

ಮರ್ವ್ ಐದು ಸೆಂಟಿನ ನಾಣ್ಯ ಎಸೆದ, ಆಳದ ತುದಿಗೆ.
"ಯಾವ ಬದಿ ಮೇಲಿದೆ?"
"ಎಕಿಡ್ನಾ" ಎಂದಳು, ಕಣ್ಣು ಕಿರಿದುಗೊಳಿಸಿ.
"ಕಂಡಿತಲ್ಲ, ಹಾಗಾದರೆ ಈಜಬಹುದು."

ಅವಳು ಈಜಲಿಲ್ಲ.
ಬಾತ್‌ಟಬ್ಬಿನ ಅಂಚಿಗೆ ಗದ್ದವಿಟ್ಟು
ಬೇಯಿಸಿದ ಲೆಟಿಸ್ ಚೂರುಗಳನ್ನು ಹಾಕುತ್ತಿದ್ದಳು
ಈಗಾಗಲೇ ತುಸು ಹಸಿರಾದ ನೀರಿಗೆ.
"ಇದನ್ನು ಉಜ್ಜಬೇಡ."
ಇಲ್ಲ ಎಂದೆ.

ಹದಿನೇಳರಲ್ಲಿ ಒಂದಕ್ಕೆ ದಿನದಿನಕ್ಕೂ
ಹೊಟ್ಟೆ ಕಪ್ಪೇರುತ್ತಿದೆ.
ಅವಳಿಗೂ ಗೊತ್ತು. ನನಗೂ.

"ಎಲ್ಲ ನಮ್ಮವೇ ತಾನೆ?" ಮರ್ವ್ ಬೇಲಿಯಿಂದ ಕೂಗಿದ.
ಎಲ್ಲ ನಮ್ಮವೇ ಎಂದೆವು,
ಇಬ್ಬರೂ ಒಟ್ಟಿಗೆ,
ತುಸು ಬೇಗನೆ.