ಕೊನೆಯ ಸೊನ್ನೆ

ಹತ್ತಿಕಾಳಿನ ಎಣ್ಣೆ ಇಳಿಸಿ
ವಾಸ್ಕೋದಿಂದ ಖಾಲಿ ಬರುವ ಲಾರಿ
ಆ ಸಲ ಖಾಲಿ ಬರಲಿಲ್ಲ.
ಹಡಗಿನವರ ಕ್ಲಬ್ಬಿನ ಹರಾಜಿನ ಮಾಲು:
ನಾಲ್ಕು ಕಾಲು, ಉದ್ದನೆ ಪೆಟ್ಟಿಗೆ, ಗಾಜಿನ ಮುಚ್ಚಳ.
ಹೆಣದ ಪೆಟ್ಟಿಗೆ ಅಂದರು ಹಮಾಲರು,
ಇಳಿಸಲು ಎರಡು ರೂಪಾಯಿ ಹೆಚ್ಚು ಕೇಳಿದರು.

ದಾವಣಗೆರೆಯಲ್ಲಿ, ಮಿಲ್ಲಿನ ಗೇಟಿನೆದುರು,
ಹಾಲಪ್ಪನ ಮಂಡಕ್ಕಿ ಅಂಗಡಿಯ ಹಿಂದಿನ ಕೋಣೆ.
ಅದಕ್ಕೆ ಬೇಕಾದದ್ದು ನೂರಾಹತ್ತು ವೋಲ್ಟು,
ನಮ್ಮ ಕರೆಂಟು ಇನ್ನೂರಾ ಮೂವತ್ತು, ಬಂದಾಗ.
ಮಿಲ್ಲಿನ ಎಲೆಕ್ಟ್ರಿಷಿಯನ್ ದಾದಾಪೀರ್
ಹಳೆ ಟ್ರಾನ್ಸ್‌ಫಾರ್ಮರು ಹೊತ್ತು ತಂದ,
ಪರದೇಶದ ಸಣ್ಣ ಕಾಸಿನ ಸೀಳಿಗೆ ಅರ ಉಜ್ಜಿ
ನಾಲ್ಕಾಣೆಗೆ ದಾರಿ ಮಾಡಿದ.

ನನಗಾಗ ಹನ್ನೆರಡು. ಕೆಲಸ: ಚಿಲ್ಲರೆ ಕೊಡುವುದು,
ಗಾಜಿನ ಮೇಲೆ ಮಿರ್ಚಿ ಇಟ್ಟವರನ್ನು ಬಯ್ಯುವುದು,
ದಾದಾಪೀರ್ ಹಲಗೆ ಎತ್ತಿದಾಗ ಬ್ಯಾಟರಿ ಹಿಡಿಯುವುದು.

ಹಲಗೆಯಡಿ ಇನ್ನೊಂದು ಪೇಟೆ.
ಬಟ್ಟೆ ಸುತ್ತಿದ ತಂತಿ, ಸಾಲು ಸಾಲು ರಿಲೇ,
ಒಂದೊಂದಕ್ಕೂ ತೆಳು ನಾಲಗೆ,
ನಾಲಗೆಯ ತುದಿಗೆ ಬೆಳ್ಳಿಯ ಕಾಳು.
ಮುಟ್ಟಿದರೆ ಮಾತು, ಬಿಟ್ಟರೆ ಮೌನ,
ನಡುವೆ ಮಿಲ್ಲಿನ ಅರಳೆ ಕೂತರೆ ಜಗಳ.
ಹಳೆ ಲಗ್ನಪತ್ರಿಕೆ ಸೀಳಿ ಆ ಸಂದಿಯಲ್ಲಿ ಎಳೆಯುತ್ತಿದ್ದ,
ಯಾರದೋ ಸುಖಾಗಮನ ಬಯಸುವವರು
ಮಸಿ ಬಳಿದುಕೊಂಡು ಹೊರಬರುತ್ತಿದ್ದರು.
"ಇದಕ್ಕ ತಲಿ ಇಲ್ಲಲೇ, ಬರೀ ಕೈ.
ಕೂಡೋದು ಗೊತ್ತೈತಿ, ಕಳೆಯೋದು ಗೊತ್ತಿಲ್ಲ."

ಮೇಲಿನ ಗಾಜಿನಲ್ಲಿ ಕುದುರೆಯ ಮೇಲೊಬ್ಬ ಸರ್ಕಸ್ಸಿನ ಹುಡುಗಿ,
ಕಡಲ ಗಾಳಿಗೆ ಅವಳ ಅರ್ಧ ಮುಖ ಉದುರಿತ್ತು.
ಬೋರ್ಡು ಬರೆಯುವ ರುದ್ರಮುನಿ ಹಿಂದಿನಿಂದ ತಿದ್ದಿದ.
ಗಾಜಿಗೆ ಎಲ್ಲ ತಿರುಗಾಮುರುಗಾ:
ಕಣ್ಣಿನ ಹೊಳಪು ಮೊದಲು, ಆಮೇಲೆ ಕಣ್ಣು,
ಎಲ್ಲ ಮುಗಿದ ಮೇಲೆ ಮುಖ.
ಮೂಗು ಮಾತ್ರ ಹಾಲಪ್ಪನ ಹೆಂಡತಿಯದಾಯಿತು.
ಯಾರೂ ಹಾಲಪ್ಪನಿಗೆ ಹೇಳಲಿಲ್ಲ.

ಒಳಗೆಲ್ಲೋ ಗಾರೆಯವರ ತೂಗುಗುಂಡಿನಂಥದು,
ಅದರ ಸುತ್ತ ಒಂದು ಬಳೆ.
ಪೆಟ್ಟಿಗೆಯನ್ನು ಸೊಂಟದಿಂದ ತಳ್ಳಬಹುದು, ರಮಿಸಬಹುದು,
ತೂಗುಗುಂಡು ಬಳೆಗೆ ತಾಗುವಷ್ಟು ಬೇಡ.
ತಾಗಿತೋ, ಟಿಲ್ಟ್! ಕೆಳಗಿನ ಎರಡು ರೆಕ್ಕೆ ಜೋತುಬೀಳುತ್ತವೆ.
ಆ ಬಳೆಯ ಅಂಚು ಗೊತ್ತಿದ್ದದ್ದು ತಿಪ್ಪೇಶಿಗೆ,
ಓಡುವ ಕದಿರಿನಲ್ಲಿ ಕಡಿದ ಎಳೆಯನ್ನು
ಬೆರಳಲ್ಲೇ ಹೊಸೆಯುತ್ತಿದ್ದವನಿಗೆ.

ಎರಡನೇ ಪಾಳಿ ಬಿಟ್ಟ ರಾತ್ರಿ. ಐದನೇ ಗುಂಡು, ಕೊನೆಯದು.
ತೊಂಬತ್ತು ಸಾವಿರಕ್ಕೆ ಒಂದು ಆಟ ಪುಕ್ಕಟೆ.
ಎಂಟು, ಒಂಬತ್ತು, ಒಂಬತ್ತು, ಒಂಬತ್ತು, ಸೊನ್ನೆ.
ಆ ಸೊನ್ನೆ ಬರೀ ಬಣ್ಣ. ತಿರುಗುವುದಿಲ್ಲ.
ಆಟ ದೊಡ್ಡದೆನಿಸಲಿ ಎಂದು ಯಾರೋ ಬರೆದಿಟ್ಟದ್ದು.

ಕರೆಂಟು ಹೋಯಿತು.

ಕತ್ತಲಲ್ಲಿ ಅವನು ಬಟನ್ನು ಒತ್ತುತ್ತಲೇ ಇದ್ದ.
ಮರದ ಮೇಲೆ ಉಕ್ಕು ಉರುಳಿ, ಉರುಳಿ,
ಸಾವಕಾಶ, ಯಾರ ಹಂಗೂ ಇಲ್ಲದೆ
ಕೆಳಗಿಳಿದದ್ದನ್ನು
ಹದಿನೈದು ಜನ ಕೇಳಿದೆವು.

ಮುಕ್ಕಾಲು ಗಂಟೆಗೆ ದೀಪ ಬಂತು. ಅಂಕಿ ಅಲ್ಲೇ ನಿಂತಿತ್ತು.
ಇನ್ನೊಂದು ನಾಲ್ಕಾಣೆ ಬೀಳುವ ತನಕ
ಅದು ಏನನ್ನೂ ಮರೆಯುವುದಿಲ್ಲ.
"ಗುಂಡು ಹೋತು, ಆಟ ಮುಗೀತು," ಗಲ್ಲಾದಿಂದಲೇ ಹಾಲಪ್ಪ.
ದಾದಾಪೀರ್ ಹಿಂದಿನ ಬಾಗಿಲು ತೆರೆದ,
ನನ್ನ ಬ್ಯಾಟರಿಯ ಬೆಳಕಿಗೆ ಕೈ ಹಾಕಿ
ಹತ್ತರ ರಿಲೇಯನ್ನು
ಒಂದೇ ಬೆರಳಲ್ಲಿ, ಒಂದೇ ಸಲ, ಒತ್ತಿದ.

ಒಂಬತ್ತು ಸೊನ್ನೆ, ಕೈಲಿ ಒಂದು,
ಒಂಬತ್ತು ಸೊನ್ನೆ, ಕೈಲಿ ಒಂದು,
ಒಂಬತ್ತು ಸೊನ್ನೆ,
ಎಂಟು ಹೊರಳಿ ಒಂಬತ್ತು,
ಮೂರು ಗಂಟೆಗಳೂ ಒಬ್ಬರ ಮೇಲೊಬ್ಬರು ಬಿದ್ದು ಬಾರಿಸಿ
ಪೆಟ್ಟಿಗೆಯೊಳಗೆ ಮರಕ್ಕೊಂದು ಗುದ್ದು: ಠಕ್!

ತಿಪ್ಪೇಶಿ ಆಡಲಿಲ್ಲ.
"ಅದು ನಂದಲ್ಲ ಸಾಬ್ರ, ನಿಮ್ಮ ಬೆರಳಿಂದು," ಅಂದು
ಟವೆಲು ಕೊಡವಿ ಹೋದ.
ಸಣ್ಣ ಕಿಟಕಿಯಲ್ಲಿ ಒಂದು ಎಂಬ ಅಂಕಿ
ರಾತ್ರಿಯಿಡೀ ಇತ್ತು.

ಬೆಳಿಗ್ಗೆ ಭಟ್ಟಿಗೆ ಬೆಂಕಿ ಹಾಕುವ ಮುಂಚೆ
ಅದನ್ನು ನಾನು ಆಡಿದೆ, ಯಾರಿಗೂ ಹೇಳದೆ.
ಎರಡನೇ ಗುಂಡಿಗೇ ಟಿಲ್ಟ್.