ಎರಡು ಬೆರಳು

ಆಗಸ್ಟಿನ ಮನಾಮಾ. ಗಾಳಿಯನ್ನೇ ಹಿಂಡಿ
ಹಗ್ಗಕ್ಕೆ ಹಾಕಬಹುದು, ಅಷ್ಟು ಒದ್ದೆ.
ಮುಹರ್ರಕ್ಕಿನ ಮುತ್ತಿನ ಮನೆಯವರ ಮೊಮ್ಮಗಳು, ಮುನೀರಾ, ಕೇಳಿದಳು:
ಕಬ್ಬಿಣದ ಅಂಗಿಗೆ ಲಾಡಿ ಕಟ್ಟುವಿರಾ, ಮಾಸ್ಟರ್?
ಇಪ್ಪತ್ತಾರು ವರ್ಷ ಥೋಬು ಹೊಲಿದವನು ನಾನು,
ಅದಕ್ಕೂ ಮೊದಲು ಗಂಗೊಳ್ಳಿಯಲ್ಲಿ ದೋಣಿಯ ಹಾಯಿ.
ಸೂಜಿ ಹೋಗುವಲ್ಲಿಗೆ ನಾನೂ ಹೋಗುತ್ತೇನೆ, ಅಂದೆ.

ಜಪಾನಿನ ಸಾಕುಮುತ್ತು ಬಂದು ಅವಳಜ್ಜ ಮುಳುಗಿದನಂತೆ.
ಬಾಕಿಯ ಬದಲು ಕೈಗೆ ಸಿಕ್ಕಿದ್ದು ಇದೊಂದೇ:
ಕಾಲಿಲ್ಲದೆ ನಿಂತ ಒಂದು ಕವಚ,
ಪಕ್ಕದ ಸ್ಟೂಲಿನ ಮೇಲೆ ಮೀಸೆಯಿರುವ ಮುಖವಾಡ.

ಚೀಟಿ ಓದಿದಳು.
ಅಕಿಬಾರ ತದತ್ಸುನೆ. ಹದಿಮೂರಕ್ಕೆ ದೊರೆ.
ಹತ್ತೊಂಬತ್ತಕ್ಕೆ ಚಿಕ್ಕಪ್ಪನ ತಲೆ ತೆಗೆಸಿದ.
ಮೂರು ಕೋಟೆ ಗೆದ್ದ, ಎರಡು ಸುಟ್ಟ.
ಕೊನೆಗೆ ತನ್ನದೇ ಕೋಟೆಯಲ್ಲಿ ಏಳು ತಿಂಗಳು ಮುತ್ತಿಗೆ;
ಮೂರು ಹೊತ್ತೂ ಊಟದ ನಗಾರಿ ಹೊಡೆಸಿ
ಹೊರಗಿನವರನ್ನು ಎದೆಗೆಡಿಸಿದ.
ಔತಣ ಮಾಡುತ್ತಲೇ ಸತ್ತನೆಂದು ಪ್ರತೀತಿ.

ಇರಲಿ. ಚೀಟಿಯ ಮಾತು ಚೀಟಿಗೆ.
ನಾನು ಅಸ್ತರು ಮಗುಚಿದೆ.

ಎಡಭುಜ ಅರ್ಧ ಇಂಚು ತಗ್ಗು. ಬಿಲ್ಲಿನಿಂದಲೋ,
ಚಿಕ್ಕಂದಿನಲ್ಲಿ ಮರದಿಂದ ಬಿದ್ದನೋ.
ಹುಡುಗನ ಎದೆಗೆ ಮಡಿಸಿ ಹೊಲಿದು
ಬೆಳೆದಂತೆ ಬಿಚ್ಚುತ್ತ ಬಂದ ಮಡಿಕೆಗಳು.
ಶಾಲೆಯ ಚಡ್ಡಿಗೆ ನಾವೂ ಹಾಗೇ ಮಾಡುತ್ತಿದ್ದೆವು.
ನಲವತ್ತರ ಹೊತ್ತಿಗೆ ಸೊಂಟಕ್ಕೊಂದು ಬೇರೆ ಪಟ್ಟಿ:
ಹೊಟ್ಟೆ ಬಂದಿದೆ. ನಕ್ಕೆ. ದೊರೆಯಲ್ಲವೇ.

ಆ ಪಟ್ಟಿಯ ಮೇಲೆ ಮತ್ತೆ ಒಳಗೆ ಹಿಡಿದ ಹೊಲಿಗೆ.
ಎರಡು ಬೆರಳು.
ಅದರೊಳಗೆ ಇನ್ನೊಂದು. ಎರಡು ಬೆರಳು.
ಮೂರನೆಯದು ದರ್ಜಿಯ ಕೈಯದ್ದಲ್ಲ,
ದಾರ ಸೊಟ್ಟ, ಗಂಟು ದಪ್ಪ, ದೀಪವಿಲ್ಲದೆ ಹಾಕಿದ್ದು.
ದರ್ಜಿ ಅಷ್ಟರಲ್ಲಿ ಇರಲಿಲ್ಲವೇನೋ.
ಅವನೇ ಹೊಲಿದುಕೊಂಡನೇನೋ.

ಔತಣವಂತೆ!
ಇದು ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿದವನ ಅಳತೆ.
ಹೊತ್ತುಹೊತ್ತಿಗೆ ಬಡಿಸಿದ್ದು ನಗಾರಿ ಮಾತ್ರ;
ಬರಿಯ ಬಟ್ಟಲ ಮುಂದೆ ಎಲ್ಲರ ಜೊತೆ ಕೂತು
ಎಲ್ಲರ ಜೊತೆ ಎದ್ದಿದ್ದಾನೆ.
ಚಿಕ್ಕಪ್ಪನನ್ನು ಕೊಲ್ಲಿಸಿದವನೂ ಇವನೇ.
ಅದು ಅಸ್ತರಿನಲ್ಲಿ ಸಿಗುವುದಿಲ್ಲ.

ಏನಾದರೂ ಗೊತ್ತಾಯಿತೇ, ಅಂದಳು ಮುನೀರಾ.

ನಮ್ಮ ಅಂಗಡಿಯ ಇಸ್ತ್ರಿಯವನು, ಇದ್ದಿನಬ್ಬ,
ಈ ವರ್ಷ ಅದೇ ಪ್ಯಾಂಟನ್ನು ಮೂರು ಸಲ ತಂದ.
ಶುಗರು ಮಾಸ್ಟ್ರೇ, ಅಂದ.
ಮಧ್ಯಾಹ್ನ ಕೇಳಿದರೆ ಊಟ ಆಯ್ತೆಂದು ತೇಗಿ ತೋರಿಸುತ್ತಾನೆ.
ನಾನು ಹಿಡಿದು ಕೊಟ್ಟೆ. ಬೇರೇನೂ ಕೇಳಲಿಲ್ಲ.

ಹಳೇ ದಾರ, ಅಷ್ಟೇ, ಅಂದೆ ಅವಳಿಗೆ.
ಗಿರಾಕಿಯ ಸೊಂಟದ ಸುದ್ದಿ ಊರಿಗೆ ಹೇಳಬಾರದು.
ನೀಲಿಗೆ ನೀಲಿ ಕೂಡಿಸಿ ಲಾಡಿ ಬಿಗಿದೆ,
ಮೂರನೆಯ ಹೊಲಿಗೆಯನ್ನು ಮಾತ್ರ ಮುಟ್ಟಲಿಲ್ಲ.

ಕೈಯಲ್ಲಿ ಹನ್ನೆರಡು ದಿನಾರು. ಸೇತುವೆ ದಾಟುವಾಗ
ಬಸ್ಸಿನ ಗಾಜಿನ ಮೇಲೆ ಬರೀ ಬೆವರು.
ಸೂಕಿನ ತಿರುವಿನಲ್ಲಿ ಎರಡು ಖುಬೂಸ್ ಕೇಳಿದೆ.
ಕಟ್ಟುವಷ್ಟರಲ್ಲಿ, ತಡೀರಿ,
ನಾಲ್ಕು ಹಾಕಿ, ಅಂದೆ.