ಏಕವಚನ

ಮಿಲ್ಲರ್ಸ್ ರಸ್ತೆಯ ಪಾದ್ರಿ ಕಾಲೇಜಿನವರು ಕೊಟ್ಟ ಕಟ್ಟು:
ಪುಟಕ್ಕೆ ನೂರಿಪ್ಪತ್ತು ರೂಪಾಯಿ, ಕನ್ನಡಕ್ಕೆ ತರಬೇಕು.
ಮೆಹಿಟೆಬಲ್ ಎಂಬ ಕ್ವೇಕರ್ ಹೆಂಗಸು,
ಮುನ್ನೂರ ಅರವತ್ತು ವರ್ಷದ ಕೆಳಗೆ,
ಬೂದುಬಣ್ಣದ ಲಂಗ, ಉಪ್ಪುಮೀನಿನ ಕೈ,
ಅಮೆರಿಕದ ಕಡಲದಂಡೆಯ ಒಂದು ಹಲಗೆಮನೆಯಲ್ಲಿ
ಸುಮ್ಮನೆ ಕೂತಿದ್ದಕ್ಕೆ ದಂಡ ತೆತ್ತವಳು.

ಪಾದ್ರಿಯಿಲ್ಲ, ಹಾಡಿಲ್ಲ, ಗಂಟೆಯಿಲ್ಲ.
ಒಂಬತ್ತು ಜನ ಬೆಂಚಿನ ಮೇಲೆ, ಬಾಯಿ ಮುಚ್ಚಿ,
ಒಳಗಿನ ಬೆಳಕು ತಾನಾಗಿ ಮಾತಾಡುವವರೆಗೆ.
ಕೆಲವು ವಾರ ಮಾತಾಡುತ್ತಲೇ ಇರಲಿಲ್ಲವಂತೆ.
ಆಗ ಎದ್ದು, ಕೈ ಕುಲುಕಿ, ಹಾಲು ಕರೆಯಲು ಹೋಗುತ್ತಿದ್ದರು.

ಇಷ್ಟು ಸಲೀಸಾಗಿ ಬಂತು.
ತೊಡಕಾದದ್ದು ಹದಿನಾಲ್ಕನೆಯ ಪುಟದಲ್ಲಿ:
ನ್ಯಾಯಾಧೀಶನ ಎದುರು ನಿಂತು ಅವಳು ಅವನನ್ನು
ಗಾಡಿಯವನನ್ನು ಕರೆದ ಹಾಗೆಯೇ ಕರೆಯುತ್ತಾಳೆ.
ಒಬ್ಬ ಮನುಷ್ಯ ಎಂದರೆ ಒಬ್ಬನೇ,
ಯಾರೂ ಇಬ್ಬರ ಲೆಕ್ಕವಲ್ಲ, ಅದು ಅವರ ಮತ.
ಇಂಗ್ಲಿಷ್ ಆ ಪದವನ್ನು ಎಂದೋ ಅಟ್ಟಕ್ಕೆಸೆದಿದೆ.
ನಮ್ಮಲ್ಲಿ ಇನ್ನೂ ಬಿಸಿಯಾಗಿದೆ:
ದೇವರಿಗೆ ನೀನು, ದಫೇದಾರರಿಗೆ ನೀವು.

ಪೆನ್ನು ಹಿಡಿದು ಕೂತೆ. ಕೆಳಗೆ
ಕೋಲ್ಸ್ ರಸ್ತೆಯಲ್ಲಿ ಕಬಾಬಿನ ಹೊಗೆ.

ಹಗಲು ನಾನು ಮೇಯೋ ಹಾಲಿನ ಟೈಪಿಸ್ಟು.
ಮೊನ್ನೆ ಕಟಕಟೆ ಹತ್ತಿದಳು ಹಲಸೂರಿನ ಪಿಳ್ಳಮ್ಮ,
ಹೂವಿನ ಬುಟ್ಟಿಯನ್ನು ಬಾಗಿಲ ಪೊಲೀಸಿನವನ ಹತ್ತಿರ ಬಿಟ್ಟು.
"ನೋಡಪ್ಪ, ಆ ಜಾಗ್ದಾಗೆ ನಮ್ಮತ್ತೆ ಕೂತಿದ್ಲು,
ನೀನೇ ಯೋಳು, ನಾನೆಲ್ಲಿಗ್ ಓಗ್ಲಿ?"
ಜಡ್ಜ್ ಸಾಹೇಬರು ಕನ್ನಡಕ ಒರೆಸಿಕೊಂಡರು.
ವಕೀಲ ಹಲ್ಲು ಕಚ್ಚಿ, "ತಾವು ಅನ್ನಮ್ಮ, ತಾವು."
ನನ್ನ ಬೆರಳು ಯಾರೂ ಹೇಳದೆಯೇ ಹೊಡೆದಿತ್ತು:
'ತಾವೇ ತಿಳಿಸಬೇಕೆಂದು ಪ್ರಾರ್ಥನೆ.'

ಅವಳು ಪ್ರಾರ್ಥಿಸಿರಲಿಲ್ಲ. ಕೇಳಿದ್ದಳು.
ಓದಲು ಬಾರದವಳು, ಹೆಬ್ಬೆಟ್ಟಿನ ಶಾಯಿಯನ್ನು
ಸೆರಗಿಗೆ ಒರೆಸಿಕೊಂಡು ಇಳಿದು ಹೋದಳು.

ಮೆಹಿಟೆಬಲ್‌ಳನ್ನು ಗಾಡಿಯ ಹಿಂದೆ ಕಟ್ಟಿ
ಮೂರು ಊರು ನಡೆಸಿದರು, ಹಿಮದಲ್ಲಿ,
ಊರಿಗೆ ಹತ್ತು ಏಟು. ಮೂರನೆಯ ಊರಿನಲ್ಲಿ
ಚಾಟಿಯವನಿಗೆ ಅವಳು ಹೇಳಿದ್ದು ಒಂದೇ ಸಾಲು:
"ನಿನ್ನ ಕೈ ನಡುಗುತ್ತಿದೆ, ಕೂತುಕೋ."

ನೀನು ಎಂದೇ ಬರೆದೆ, ಉದ್ದಕ್ಕೂ.
ಕರಡು ವಾಪಸು ಬಂತು, ಅಂಚಿನಲ್ಲಿ ಕೆಂಪು ಶಾಯಿ:
'ನ್ಯಾಯಾಧೀಶರಿಗೆ ಬಹುವಚನ ಬಳಸುವುದು ಒಳಿತು.'
ಉತ್ತರ ಬರೆದಿಲ್ಲ. ದುಡ್ಡೂ ಬಂದಿಲ್ಲ.
ಪಿಳ್ಳಮ್ಮನ ಕಡತ ರೆಕಾರ್ಡ್ ರೂಮಿಗೆ ಹೋಗಿದೆ,
ಅಲ್ಲಿಂದ ಏನನ್ನೂ ತಿದ್ದಿ ತರುವ ಹಾಗಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ದಫೇದಾರರು ಕೂಗುತ್ತಾರೆ.
ಎಲ್ಲರೂ ಎದ್ದು ನಿಲ್ಲುತ್ತಾರೆ.
ನಾನೂ ಏಳುತ್ತೇನೆ.
ನನ್ನ ಕುರ್ಚಿ ಕಿರುಗುಟ್ಟುವುದು ಮಾತ್ರ
ಈಗೀಗ ಎಲ್ಲರದಕ್ಕಿಂತ ಕೊನೆಗೆ.